ಪಿಸ್ಟನ್‌ನಿಂದ ಟರ್ಬೈನ್‌ಗೆ: ಬಲಗೈ ಹೊಸದಾಗಿ ಕಲಿಯೋ ಪಾಠ

ಟರ್ಬೈನ್ ಕಲಿಯೋಕೆ ಬರೋ ಪೈಲಟ್‌ಗಳ ಬಲಗೈ ಏನ್ ಮಾಡ್ತಿದೆ ಅಂತ ನಾನು ಮೊದಲು ನೋಡ್ತೀನಿ. ಎಡಗಡೆ ಸೀಟಲ್ಲಿ ಕೂತಾಗ ಯೋಕ್ ಅಂದ್ರೆ ವಿಮಾನ ತಿರುಗಿಸೋ ಹಿಡಿಕೆ ಎಡಗೈಲಿ, ಲಿವರ್‌ಗಳೆಲ್ಲ ಬಲಗೈಲಿ, 200-300 ಗಂಟೆ ಪಿಸ್ಟನ್ ಇಂಜಿನ್ ವಿಮಾನ ಹಾರಿಸಿರೋರ ಬಲಗೈಗೆ ತನ್ನದೇ ಒಂದು ರೂಢಿ ಬಿದ್ದಿರತ್ತೆ, ತಲೆ ಯೋಚನೆ ಮಾಡೋ ಮುಂಚೆನೇ ಅದು ಹೋಗಿ ಲಿವರ್ ತಳ್ಳಿ ಬಂದಿರತ್ತೆ. ಸಿಸ್ಟಮ್ಸ್ ಕ್ಲಾಸು, ಪುಸ್ತಕ, ಪರೀಕ್ಷೆ ಇವೆಲ್ಲ ಕೂತು ಓದಿದ್ರೆ ಬರತ್ತೆ. ಕೈಗೆ ಬರೋದು ಬೇರೆ ವಿಷಯ, ಅದಕ್ಕೇ ಈ ಅಂಕಣದಲ್ಲಿ ಹೆಚ್ಚಾಗಿ ಕೈ ಬಗ್ಗೆನೇ ಬರೀತೀನಿ.

ಇಂಜಿನ್ ವಿಷಯಕ್ಕೆ ಬಂದ್ರೆ, ಹೆದರೋ ಅಂಥದ್ದು ಏನೂ ಇಲ್ಲ. ಪಿಸ್ಟನ್‌ನ ಹಾಗೆ ಕಿಡಿ ಕೊಡೋ ಮ್ಯಾಗ್ನೆಟೋ ಇಲ್ಲ, ಕಾರ್ಬುರೇಟರ್‌ಗೆ ಐಸ್ ಕಟ್ಟದ ಹಾಗೆ ನೋಡ್ಕೊಳ್ಳೋ ಕಾರ್ಬ್ ಹೀಟ್ ಇಲ್ಲ, ಮಿಕ್ಸ್ಚರ್ ಲೀನ್ ಮಾಡೋ, ಅಂದ್ರೆ ಗಾಳಿಗೆ ಬೆರೆಯೋ ಫ್ಯೂಯೆಲ್ ಕಮ್ಮಿ ಮಾಡೋ ಗೋಜಿಲ್ಲ. ಗಾಳಿ ಒಳಗೆ ಹೋಗತ್ತೆ, ಒತ್ತಿಸ್ಕೊಳ್ಳತ್ತೆ, ಉರಿಯತ್ತೆ, ಆಚೆ ಬರ್ತಾ ಟರ್ಬೈನ್ ತಿರುಗಿಸತ್ತೆ, ಈ ನಾಲ್ಕೂ ಕೆಲಸ ಒಂದಾದ್ಮೇಲೊಂದು ಅಲ್ಲ, ಒಂದೇ ಸಮಯಕ್ಕೆ ನಿರಂತರವಾಗಿ ನಡೀತಿರತ್ತೆ. ತುಂಬಾ ಜನ ಮೊದಲು ಕಲಿಯೋ ಟರ್ಬೋಪ್ರಾಪ್‌ಗಳಲ್ಲಿ, ಅಂದ್ರೆ ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗೋ ವಿಮಾನಗಳಲ್ಲಿ, ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6 ಇಂಜಿನ್ ಇರತ್ತೆ, ಅದರಲ್ಲಿ ಎರಡು ಬೇರೆ ಬೇರೆ ಶಾಫ್ಟ್. ಗಾಳಿ ಒತ್ತೋ ಗ್ಯಾಸ್ ಜನರೇಟರ್ ಒಂದು, ಪ್ರೊಪೆಲ್ಲರ್ ತಿರುಗಿಸೋ ಪವರ್ ಟರ್ಬೈನ್ ಇನ್ನೊಂದು, ಇವೆರಡರ ಮಧ್ಯೆ ಕಬ್ಬಿಣದ ಸಂಬಂಧ ಏನೂ ಇಲ್ಲ, ಇರೋದು ಬರೀ ಬಿಸಿ ಗಾಳಿ. ಒಂದು ಫ್ಯಾನ್ ಹಾಕಿ ಎದುರಿಗೆ ಸ್ವಿಚ್ ಹಾಕದ ಇನ್ನೊಂದು ಫ್ಯಾನ್ ಇಟ್ರೆ ಅದೂ ತಿರುಗತ್ತಲ್ಲ, ಹಾಗೆ. ಗ್ಯಾಸ್ ಜನರೇಟರ್ 100 ಪರ್ಸೆಂಟ್ ಅಂದ್ರೆ ನಿಮಿಷಕ್ಕೆ ಸುಮಾರು 37,500 ಸುತ್ತು, ಸೆಸ್ನಾ ಕ್ಯಾರವಾನ್ ಅನ್ನೋ ಒಂದೇ ಇಂಜಿನ್‌ನ ಟರ್ಬೋಪ್ರಾಪ್‌ನಲ್ಲಿ ಅದೇ ಹೊತ್ತಿಗೆ ಪ್ರೊಪೆಲ್ಲರ್ 1900. ನೀವು ಕಲಿತಿರೋ ಪಿಸ್ಟನ್ ವಿಮಾನ ಸೆಸ್ನಾ 172ರ ಕೆಂಪು ಗೆರೆ, ಅಂದ್ರೆ ಮೀರಬಾರದ ಮಿತಿ, 2700. ಈ 37,500 ಸುತ್ತಿಗೆ ಏರೋಕೂ ಟೈಮ್ ಬೇಕು, ಅಲ್ಲಿಂದ ಇಳಿಯೋಕೂ ಟೈಮ್ ಬೇಕು ಅನ್ನೋದನ್ನ ಮನಸಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಮೊದಲು ಸ್ಟಾರ್ಟ್, ಯಾಕಂದ್ರೆ ಇಂಜಿನ್ ಹಾಳು ಮಾಡ್ಕೊಳ್ಳೋದು ಇಲ್ಲೇ. ಪಿಸ್ಟನ್‌ನಲ್ಲಿ ಕೀ ತಿರುಗಿಸ್ತೀವಿ, ಹಿಡೀದೇ ಇದ್ರೆ ಸ್ವಲ್ಪ ಪ್ರೈಮ್ ಮಾಡಿ ಇನ್ನೊಂದ್ಸಲ ತಿರುಗಿಸ್ತೀವಿ, ಹೆಚ್ಚಂದ್ರೆ ಬ್ಯಾಟರಿ ಇಳಿಯತ್ತೆ. ಟರ್ಬೈನ್‌ನಲ್ಲಿ ಒಂದು ತಪ್ಪು ಸ್ಟಾರ್ಟ್ ಅಂದ್ರೆ ಹಾಟ್ ಸೆಕ್ಷನ್, ಅಂದ್ರೆ ಬೆಂಕಿ ಉರಿಯೋ, ಟರ್ಬೈನ್ ಇರೋ ಭಾಗ ಬಿಚ್ಚಿ ನೋಡೋ ಪರಿಸ್ಥಿತಿ ಬರಬಹುದು, ಅದೂ ಕಣ್ಣು ಮುಚ್ಚಿ ತೆರೆಯೋದ್ರೊಳಗೆ. ಕಾರಣ ತಿಳ್ಕೊಂಡ್ರೆ ಕ್ರಮ ಬಾಯಿಪಾಠ ಮಾಡೋದೇ ಬೇಡ. ಇಂಜಿನ್ ಒಳಗೆ ಹೋಗೋ ಗಾಳಿಲಿ ಸುಮಾರು ಕಾಲು ಭಾಗ ಮಾತ್ರ ಉರಿಯೋಕೆ ಬಳಕೆ ಆಗತ್ತೆ, ಉಳಿದದ್ದು ಆ ಬೆಂಕಿನ ಸುತ್ತುವರಿದು ಲೋಹಕ್ಕೆ ತಾಗದ ಹಾಗೆ ತಣ್ಣಗಿಡೋ ಕೆಲಸ ಮಾಡತ್ತೆ. ಸ್ಟಾರ್ಟ್ ಹೊತ್ತಲ್ಲಿ ಕಂಪ್ರೆಸರ್ ಇನ್ನೂ ನಿಧಾನ, ಗಾಳಿ ಕಮ್ಮಿ, ಅಷ್ಟರಲ್ಲೇ ಫ್ಯೂಯೆಲ್ ಬಿಟ್ರೆ ಬೆಂಕಿ ಇದೆ ಆದ್ರೆ ತಣ್ಣಗಿಡೋ ಗಾಳಿ ಇಲ್ಲ. ಬ್ಯಾಟರಿ ಸುಸ್ತಾಗಿದ್ರೂ ಅದೇ ಕಥೆ, ಎಕ್ಸಾಸ್ಟ್ ಒಳಗೆ ಹಿಂದಿನಿಂದ ಜೋರು ಗಾಳಿ ಬೀಸ್ತಿದ್ರೂ ಅದೇ.

ಅದಕ್ಕೇ ಕ್ಯಾರವಾನ್‌ನಲ್ಲಿ ಬ್ಯಾಟರಿ 24 ವೋಲ್ಟ್‌ಗಿಂತ ಕಮ್ಮಿ ಇದ್ರೆ ಬ್ಯಾಟರಿ ಮೇಲೆ ಸ್ಟಾರ್ಟ್ ಮಾಡೋ ಹಾಗಿಲ್ಲ, ಸ್ಟಾರ್ಟರ್ ಹಾಕಿದ್ಮೇಲೆ ಎನ್‌ಜಿ, ಅಂದ್ರೆ ಗ್ಯಾಸ್ ಜನರೇಟರ್ ವೇಗ, ಕನಿಷ್ಠ 12 ಪರ್ಸೆಂಟ್ ಮುಟ್ಟಿ ನಿಲ್ಲೋ ತನಕ ಕಂಡೀಷನ್ ಲಿವರ್, ಅಂದ್ರೆ ಫ್ಯೂಯೆಲ್ ಬಿಡೋ ನಿಲ್ಲಿಸೋ ಲಿವರ್, ಮುಟ್ಟೋ ಹಾಗಿಲ್ಲ. ಆಮೇಲೆ ಲಿವರ್ ಲೋ ಐಡಲ್‌ಗೆ, ಅಂದ್ರೆ ಇಂಜಿನ್ ಸುಮ್ಮನೆ ನಿಧಾನಕ್ಕೆ ಓಡೋ ಜಾಗಕ್ಕೆ, ಒಂದು ಮೆತ್ತನೆ 'ಧುಪ್' ಅಂತ ಕೇಳತ್ತೆ, ಐಟಿಟಿ ಅಂದ್ರೆ ಟರ್ಬೈನ್ ಮಧ್ಯದ ಉಷ್ಣಾಂಶದ ಮುಳ್ಳು ಏಳತ್ತೆ, 400, 600, 700, ಮೊದಲ ಸಲ ನೋಡೋರಿಗೆ ಎದೆ ಧಸಕ್ ಅನ್ನೋ ವೇಗದಲ್ಲಿ. ಎಲ್ಲ ಸರಿ ಇದ್ರೆ ಒಂದು ಕಡೆ ನಿಂತು ತಿರುಗಿ ಕೆಳಗೆ ಬರತ್ತೆ. ಸ್ಟಾರ್ಟ್ ಮಿತಿ 1090 ಡಿಗ್ರಿ ಸೆಲ್ಸಿಯಸ್, ಅದೂ 2 ಸೆಕೆಂಡ್ ಅಷ್ಟೇ.

ಒಂದು ಬೆಳಿಗ್ಗೆ ಆಗಿದ್ದು ಹೇಳ್ತೀನಿ. ಹುಡುಗ ಚೆನ್ನಾಗಿ ಓದ್ಕೊಂಡು ಬಂದಿದ್ದ, ಚೆಕ್‌ಲಿಸ್ಟ್ ಕೂಡ ಶಿಸ್ತಾಗಿ ಓದಿದ, 24 ವೋಲ್ಟ್ ಸರಿಯಾಗಿ ಇತ್ತು, ಅದಕ್ಕಿಂತ ಹೆಚ್ಚಿರಲಿಲ್ಲ. ಎನ್‌ಜಿ 12 ಅಂತ ಕಂಡ ಕೂಡಲೇ ನಿಲ್ಲೋದಕ್ಕೆ ಕಾಯದೆ ಫ್ಯೂಯೆಲ್ ಬಿಟ್ಟ. ಇಂಜಿನ್ ಹಿಡೀತು, ಎನ್‌ಜಿ ಇಪ್ಪತ್ತು ಚಿಲ್ಲರೆಗೆ ಹೋಗಿ ಅಲ್ಲೇ ಕೂತ್ಬಿಡ್ತು, ಐಟಿಟಿ ಮಾತ್ರ ಏರ್ತಾನೇ ಇದೆ. ಆಗ ಅವನ ಬಲಗೈ ಏನ್ ಮಾಡ್ತು ಗೊತ್ತಾ, ಕಂಡೀಷನ್ ಲಿವರ್ ಬಿಟ್ಟು ಪವರ್ ಲಿವರ್‌ಗೆ ಹೋಗಿ ಅದನ್ನ ಮುಂದೆ ತಳ್ಳೋಕೆ ಶುರು ಮಾಡ್ತು. ಪಿಸ್ಟನ್‌ನಲ್ಲಿ ಅದು ಸರಿಯಾದ ಕೆಲಸ, ಇಂಜಿನ್ ಹಿಡಿದು ಮುಗ್ಗರಿಸ್ತಿದ್ರೆ ಥ್ರಾಟಲ್ ಸ್ವಲ್ಪ ಕೊಟ್ಟು 1000 ಆರ್‌ಪಿಎಮ್‌ಗೆ ತರ್ತೀವಿ, ನೂರಾರು ಸಲ ಮಾಡಿರ್ತೀವಿ. ಇಲ್ಲಿ ಅದು ಉರಿಯೋ ಬೆಂಕಿಗೆ ಇನ್ನಷ್ಟು ಎಣ್ಣೆ. ನಾನು ಕಂಡೀಷನ್ ಲಿವರ್ ಕಟ್-ಆಫ್‌ಗೆ ಎಳೆದೆ, ಸ್ಟಾರ್ಟರ್ ಆಫ್ ಮಾಡೋಕೆ ಹೋದ ಅವನ ಎಡಗೈ ತಡೆದೆ, ಯಾಕಂದ್ರೆ ಫ್ಯೂಯೆಲ್ ನಿಂತ್ಮೇಲೂ ಒಳಗೆ ಗಾಳಿ ಓಡ್ತಾ ಇದ್ರೇನೇ ಬಿಸಿ ಆಚೆ ಹೋಗೋದು. ಮುಳ್ಳು 1000 ಮುಟ್ಟೋ ಮುಂಚೆ ತಿರುಗ್ತು. ಇಂಜಿನ್‌ಗೆ ಏನೂ ಆಗಿರಲಿಲ್ಲ, ಇಂಜಿನಿಯರ್ ಕರೆಸಿ ನೋಡಿಸಿದ್ಮೇಲೇನೇ ಮತ್ತೆ ಸ್ಟಾರ್ಟ್ ಮಾಡಿದ್ದು, ಅದೂ ಹೊರಗಿನಿಂದ ಕರೆಂಟ್ ಕೊಡೋ ಗ್ರೌಂಡ್ ಪವರ್ ಹಾಕಿ. "ಸರ್, ಕೈ ತಾನಾಗೇ ಹೋಯ್ತು" ಅಂದ. ನಿಜ ಹೇಳ್ದ. ಅವತ್ತಿಂದ ನನ್ನ ಹತ್ರ ಕಲಿಯೋರಿಗೆಲ್ಲ ಒಂದು ನಿಯಮ, ಎನ್‌ಜಿ 52 ದಾಟಿ ಐಡಲ್‌ನಲ್ಲಿ ಗಟ್ಟಿಯಾಗಿ ನಿಂತು ಸ್ಟಾರ್ಟರ್ ಆಫ್ ಆಗೋ ತನಕ ಬಲಗೈ ಕಂಡೀಷನ್ ಲಿವರ್ ಮೇಲೇ ಇರ್ಬೇಕು, ಕೆನ್ನೆ ಕೆರೆಯೋಕೂ ಎತ್ತಬಾರದು. ಇಂಜಿನ್ ಆಫ್ ಇರುವಾಗ ಕೂರಿಸಿ ಇಪ್ಪತ್ತು ಮೂವತ್ತು ಸಲ ಕಟ್-ಆಫ್ ಎಳೆಸ್ತೀನಿ, ನಾನು ಬಾಯಲ್ಲಿ ಐಟಿಟಿ ಹೇಳ್ತಾ ಹೋಗ್ತೀನಿ, ಎಲ್ಲಿ ಎಳೀಬೇಕು ಅಂತ ಅವರೇ ತೀರ್ಮಾನ ಮಾಡ್ಬೇಕು.

ಎರಡನೇದು ಟೇಕಾಫ್. ಪಿಸ್ಟನ್‌ನಲ್ಲಿ ಫುಲ್ ಥ್ರಾಟಲ್ ಅಂದ್ರೆ ಲಿವರ್ ಗೋಡೆಗೆ ತಾಗೋ ತನಕ, ಆಮೇಲೆ ಕಣ್ಣು ರನ್‌ವೇ ಮೇಲೆ. ಫೇಡೆಕ್, ಅಂದ್ರೆ ಇಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್, ಇಲ್ಲದ ಟರ್ಬೋಪ್ರಾಪ್‌ನಲ್ಲಿ ಹಾಗೆ ತಳ್ಳಿದ್ರೆ ಓವರ್‌ಟಾರ್ಕ್, ಅಂದ್ರೆ ಪ್ರೊಪೆಲ್ಲರ್ ತಿರುಗಿಸೋ ಬಲ (ಟಾರ್ಕ್) ಮಿತಿ ಮೀರತ್ತೆ, ಕಂಪ್ಯೂಟರ್ ಬಂದು ಕೈ ಹಿಡಿಯಲ್ಲ. ಕ್ಯಾರವಾನ್ 208ಬಿ ಯ 675 ಹಾರ್ಸ್‌ಪವರ್ ಇಂಜಿನ್‌ಗೆ ಟಾರ್ಕ್ ಮಿತಿ 1865 ಫುಟ್-ಪೌಂಡ್, 1900 ಆರ್‌ಪಿಎಮ್‌ನಲ್ಲಿ. ಬೇಕಿದ್ರೆ ಲೆಕ್ಕ ಹಾಕಿ, 1865ನ 1900ರಿಂದ ಗುಣಿಸಿ 5252ರಿಂದ ಭಾಗಿಸಿದ್ರೆ ಅದೇ 675 ಬರತ್ತೆ. ಲಿವರ್‌ಗೆ ಇನ್ನೂ ಮುಂದೆ ಹೋಗೋಕೆ ಜಾಗ ಇರತ್ತೆ, ಅದನ್ನ ಬಳಸಬಾರದು ಅಷ್ಟೇ. ಚಳಿ ಇರೋ ದಿನ, ಕೆಳಗಿನ ಎತ್ತರದಲ್ಲಿ ಟಾರ್ಕ್ ಮೊದಲು ಮಿತಿ ಮುಟ್ಟತ್ತೆ, ಬಿಸಿ ದಿನ, ಎತ್ತರದ ಏರ್‌ಫೀಲ್ಡ್ ಆದ್ರೆ ಐಟಿಟಿ ಮೊದಲು, ಅದು ಟೇಕಾಫ್‌ಗೆ 805 ಡಿಗ್ರಿ. ಯಾವ ಮುಳ್ಳು ಮೊದಲು ಗೆರೆ ಮುಟ್ಟತ್ತೋ ಅಲ್ಲಿಗೆ ಕೈ ನಿಲ್ಬೇಕು. ಇನ್ನೊಂದು ಸೂಕ್ಷ್ಮ, ವಿಮಾನ ಓಡ್ತಾ ವೇಗ ಏರಿದ ಹಾಗೆ ಒಳಗೆ ನುಗ್ಗೋ ಗಾಳಿ ಜಾಸ್ತಿಯಾಗಿ ಟಾರ್ಕ್ ತಾನಾಗೇ ಸ್ವಲ್ಪ ಏರತ್ತೆ, ನಿಂತಲ್ಲೇ ಮಿತಿಗೆ ಸರಿಯಾಗಿ ಇಟ್ಟವನು ಅರ್ಧ ರನ್‌ವೇಲಿ ಮಿತಿ ದಾಟಿರ್ತಾನೆ. ಹಾಗಾಗಿ ಒಂದು ಚೂರು ಕಮ್ಮಿ ಇಟ್ಟು, ಕೈ ತೆಗೀದೆ, ಓಡ್ತಾ ಓಡ್ತಾ ಸರಿ ಮಾಡೋದು. ಲಿವರ್ ಎಲ್ಲಿದೆ ಅಂತ ನೋಡೋ ಅಭ್ಯಾಸ ಹೋಗಿ ನಂಬರ್ ಎಷ್ಟಿದೆ ಅಂತ ನೋಡೋದು ಬಂದ್ರೆ ಅರ್ಧ ಟರ್ಬೈನ್ ಬಂದ ಹಾಗೆ ಅಂತ ನನ್ನ ಅಭಿಪ್ರಾಯ.

ಫ್ಯೂಯೆಲ್ ಬಗ್ಗೆ ಚಿಕ್ಕದಾಗಿ. ಗ್ಯಾಲನ್ ಮರೆತು ಪೌಂಡ್‌ನಲ್ಲಿ ಯೋಚನೆ ಮಾಡಿ, ಜೆಟ್ ಫ್ಯೂಯೆಲ್ ಗ್ಯಾಲನ್‌ಗೆ ಸುಮಾರು 6.7 ಪೌಂಡ್. 172 ಗಂಟೆಗೆ 8-9 ಗ್ಯಾಲನ್ ಕುಡಿಯೋ ಜಾಗದಲ್ಲಿ ಕ್ಯಾರವಾನ್ 50ರ ಆಸುಪಾಸು ಕುಡಿಯತ್ತೆ, ಅದೂ ಟರ್ಬೈನ್‌ಗೆ ಎತ್ತರ ಇಷ್ಟ, ಕೆಳಗೆ ಹಾರಿಸಿದಷ್ಟೂ ಮೈಲಿಗೆ ಖರ್ಚು ಜಾಸ್ತಿ. "ಇನ್ನೂ ಮುಕ್ಕಾಲು ಗಂಟೆ ಇದೆ" ಅನ್ನೋ ಲೆಕ್ಕ ಮೇಲಿನ ಎತ್ತರದ್ದೋ ಕೆಳಗಿನದ್ದೋ ಅಂತ ಕೇಳ್ಕೊಳ್ಳಿ. ಎತ್ತರ ಅಂದ್ಮೇಲೆ ಪ್ರೆಶರೈಸೇಷನ್, ಅಂದ್ರೆ ಕ್ಯಾಬಿನ್ ಒಳಗೆ ಗಾಳಿ ಒತ್ತಡ ಕಾಪಾಡೋದು ಕೂಡ ಬರತ್ತೆ, ಕ್ಯಾರವಾನ್‌ಗೆ ಅದಿಲ್ಲ, ಆದ್ರೆ ಅದರ ಮುಂದಿನ ಮೆಟ್ಟಿಲ ವಿಮಾನಗಳಿಗೆ ಸಾಮಾನ್ಯವಾಗಿ ಇರತ್ತೆ. 25,000 ಅಡೀಲಿ ಕ್ಯಾಬಿನ್ ಪ್ರೆಶರ್ ಹೋದ್ರೆ ಕೆಲಸಕ್ಕೆ ಬರೋ ಪ್ರಜ್ಞೆ ಉಳಿಯೋದು 3ರಿಂದ 5 ನಿಮಿಷ, 35,000ದಲ್ಲಿ ಅರ್ಧದಿಂದ ಒಂದು ನಿಮಿಷ. 2005ರ ಆಗಸ್ಟ್ 14ರಂದು ಹೀಲಿಯೋಸ್ ಏರ್‌ವೇಸ್‌ನ ಫ್ಲೈಟ್ 522ರಲ್ಲಿ ಪ್ರೆಶರೈಸೇಷನ್ ಸ್ವಿಚ್ ಮ್ಯಾನ್ಯುಯಲ್‌ನಲ್ಲೇ ಉಳಿದು 121 ಜನ ತೀರ್ಕೊಂಡ್ರು. ಅನುಮಾನ ಬಂದ್ರೆ ಮೊದಲು ಮಾಸ್ಕ್ ಹಾಕ್ಕೊಳ್ಳಿ, ಯೋಚನೆ ಆಮೇಲೆ ಮಾಡಿ.

ಇನ್ನು ಇಳಿಯೋದು, ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು. 172ರಲ್ಲಿ 100 ನಾಟ್‌ನಲ್ಲಿ ಬರ್ತಿದ್ವಿ, ನಿಮಿಷಕ್ಕೆ ಎರಡು ಮೈಲಿನೂ (ಇಲ್ಲಿ ಮೈಲಿ ಅಂದ್ರೆ ನಾಟಿಕಲ್ ಮೈಲಿ) ಇಲ್ಲ, ಏರ್‌ಫೀಲ್ಡ್ ಕಂಡ್ಮೇಲೆ ಯೋಚನೆ ಮಾಡಿದ್ರೂ ನಡೀತಿತ್ತು. ಕ್ಯಾರವಾನ್‌ಗಿಂತ ಮುಂದಿನ ಮೆಟ್ಟಿಲ ವಿಮಾನದಲ್ಲಿ 240 ನಾಟ್ ಅಂದ್ರೆ ನಿಮಿಷಕ್ಕೆ 4 ಮೈಲಿ. ಲೆಕ್ಕ ಸುಲಭ, ಇಳಿಸ್ಬೇಕಾದ ಪ್ರತಿ 1000 ಅಡಿಗೆ 3 ಮೈಲಿ, 24,000 ಅಡಿ ಇಳಿಸ್ಬೇಕಾದ್ರೆ 72 ಮೈಲಿ, ವೇಗ ಕಮ್ಮಿ ಮಾಡೋಕೆ ಒಂದ್ಹತ್ತು ಮೈಲಿ ಮೇಲೆ. ಎಷ್ಟು ದರದಲ್ಲಿ ಇಳೀಬೇಕು ಅಂದ್ರೆ ಗ್ರೌಂಡ್ ಸ್ಪೀಡ್‌ನ ಐದರಿಂದ ಗುಣಿಸಿ, 240ಕ್ಕೆ ನಿಮಿಷಕ್ಕೆ 1200 ಅಡಿ. ಪಿಸ್ಟನ್‌ನಲ್ಲಿ ಶಾಕ್ ಕೂಲಿಂಗ್, ಅಂದ್ರೆ ಬಿಸಿ ಇಂಜಿನ್ ತಟ್ಟನೆ ತಣ್ಣಗಾಗೋ ಭಯಕ್ಕೆ ಪವರ್‌ನ ಚೂರು ಚೂರೇ ಇಳಿಸಿ ಅಭ್ಯಾಸ, ಟರ್ಬೋಪ್ರಾಪ್‌ನಲ್ಲಿ ಆ ಭಯ ಇಲ್ಲ, ಐಡಲ್‌ಗೆ ಎಳೆದ್ರೆ ಪ್ರಾಪ್ ಬ್ಲೇಡ್ ಚಪ್ಪಟೆ ಆಗಿ ಎದುರಿಗೆ ತಟ್ಟೆ ಹಿಡಿದ ಹಾಗೆ ವಿಮಾನನ ತಡೀತದೆ. ಅದಕ್ಕೇ ಟರ್ಬೋಪ್ರಾಪ್ ತುಂಬಾ ತಪ್ಪು ಕ್ಷಮಿಸತ್ತೆ. (ಐಡಲ್ ಗೇಟ್ ಅನ್ನೋ ತಡೆಯಿಂದ ಹಿಂದೆ ಬೀಟಾಗೆ, ಅಂದ್ರೆ ಲಿವರ್ ನೇರವಾಗಿ ಪ್ರಾಪ್ ಬ್ಲೇಡ್ ಕೋನ ಬದಲಿಸೋ ಜಾಗಕ್ಕೆ ಮಾತ್ರ ಹಾರ್ತಾ ಇರುವಾಗ ಎಳೆಯಲೇಬಾರದು, ಅದು ನೆಲದ ಮೇಲಿನ ಕೆಲಸ.)

ಜೆಟ್‌ಗೆ ಹೋದಾಗ ಆ ತಟ್ಟೆ ಇಲ್ಲ. ಐಡಲ್‌ಗೆ ಎಳೆದ್ರೂ ವಿಮಾನ ಜಾರ್ತಾನೇ ಹೋಗತ್ತೆ, ಇಳಿಸೋದೂ ವೇಗ ತಗ್ಗಿಸೋದೂ ಒಟ್ಟಿಗೆ ಆಗಲ್ಲ. ಅದಕ್ಕಿಂತ ದೊಡ್ಡದು, ಪ್ರೊಪೆಲ್ಲರ್ ವಿಮಾನದಲ್ಲಿ ಪವರ್ ಕೊಟ್ಟ ತಕ್ಷಣ ರೆಕ್ಕೆ ಮೇಲೆ ಗಾಳಿ ಬೀಸಿ ಒಂಚೂರು ಲಿಫ್ಟ್ ಆಗಲೇ ಸಿಗತ್ತೆ, ಜೆಟ್‌ನಲ್ಲಿ ಸಿಗಲ್ಲ, ಇಂಜಿನ್ ಸ್ಪೂಲ್ ಆಗೋ, ಅಂದ್ರೆ ಸುತ್ತು ಏರಿಸ್ಕೊಳ್ಳೋ ತನಕ ಕಾಯ್ಬೇಕು. ಏರೋಕೆ ಟೈಮ್ ಬೇಕು ಅನ್ನೋದನ್ನ ಆಗ್ಲೇ ಮನಸಲ್ಲಿಟ್ಕೊಳ್ಳಿ ಅಂದಿದ್ದು ಇದಕ್ಕೇ. ಅಮೆರಿಕದ ಸರ್ಟಿಫಿಕೇಷನ್ ನಿಯಮದಲ್ಲೇ ಫ್ಲೈಟ್ ಐಡಲ್‌ನಿಂದ 95 ಪರ್ಸೆಂಟ್ ಥ್ರಸ್ಟ್‌ಗೆ (ಮುಂದೆ ತಳ್ಳೋ ಬಲಕ್ಕೆ) ಬರೋಕೆ 5 ಸೆಕೆಂಡ್ ತನಕ ಅವಕಾಶ ಇದೆ, ದೊಡ್ಡ ವಿಮಾನಗಳ ಗೋ-ಅರೌಂಡ್ (ಇಳಿಯೋದು ಬಿಟ್ಟು ಮತ್ತೆ ಮೇಲೇರೋದು) ಲೆಕ್ಕ ಹಾಕೋದು 8 ಸೆಕೆಂಡ್ ಆದ್ಮೇಲೆ ಸಿಗೋ ಥ್ರಸ್ಟ್ ಮೇಲೆ. ನಿಮಿಷಕ್ಕೆ 2000 ಅಡಿ ಇಳೀತಿರೋ ವಿಮಾನ 8 ಸೆಕೆಂಡಲ್ಲಿ 260 ಅಡಿಗಿಂತ ಜಾಸ್ತಿ ಕಳ್ಕೊಳ್ಳತ್ತೆ. 1965ರ ನವೆಂಬರ್ 11ರಂದು ಸಾಲ್ಟ್ ಲೇಕ್ ಸಿಟಿಲಿ ಯುನೈಟೆಡ್ ಏರ್‌ಲೈನ್ಸ್‌ನ ಫ್ಲೈಟ್ 227, ಆಗ ಹೊಸದಾಗಿ ಬಂದಿದ್ದ ಬೋಯಿಂಗ್ 727, ಹೀಗೇ 2000 ಅಡಿಗೂ ಮೀರಿದ ದರದಲ್ಲಿ ಇಳೀತಾ ರನ್‌ವೇ ಮುಂಚೆನೇ ನೆಲಕ್ಕೆ ಬಡೀತು, 91 ಜನರಲ್ಲಿ 43 ಜನ ಹೋದ್ರು. ಆ ಇಳಿಕೆನ ಸಮಯಕ್ಕೆ ಸರಿಯಾಗಿ ತಡೀಲಿಲ್ಲ ಅಂತ ತನಿಖೆ ಹೇಳ್ತು. ಇಂಜಿನ್ ಕೆಟ್ಟಿರಲಿಲ್ಲ. ಇದನ್ನ ಹೇಳುವಾಗ ನನಗೆ ಈಗ್ಲೂ ಸಂಕಟ ಆಗತ್ತೆ, ಯಾಕಂದ್ರೆ ಆ ಕೊನೆ ನಿಮಿಷದ ಮುಂಚೆ ಬೇಕಾದಷ್ಟು ಟೈಮ್ ಇತ್ತು.

ಹಾಗಾಗಿ 1000 ಅಡಿಗೆ ಬರುವಾಗ ಗೇರ್ (ಚಕ್ರ), ಫ್ಲಾಪ್, ವೇಗ ಎಲ್ಲ ಸರಿಯಾಗಿ ಕೂತಿರ್ಬೇಕು, ಇಂಜಿನ್ ಐಡಲ್‌ನಲ್ಲಿರದೆ ಡ್ರ್ಯಾಗ್‌ಗೆ, ಅಂದ್ರೆ ಗಾಳಿ ತಡೆಗೆ, ಎದುರಾಗಿ ಸ್ವಲ್ಪ ಎಳೀತಾ ಇರ್ಬೇಕು, ಇಲ್ಲಾಂದ್ರೆ ಗೋ-ಅರೌಂಡ್, ಚರ್ಚೆ ಇಲ್ಲ. ಬಲಗೈ ಇಲ್ಲಿ ಕಲೀಬೇಕಾದ್ದು ಚಿಕ್ಕ ಚಿಕ್ಕ ಚಲನೆ, ಅದೂ ಬೇಕು ಅನ್ಸೋ ಮುಂಚೆ. ವೇಗ ಬಿದ್ಮೇಲೆ ತಳ್ಳೋದಲ್ಲ, ಬೀಳೋ ಲಕ್ಷಣ ಕಂಡಾಗ್ಲೇ ತಳ್ಳಿ, ಅದು ಬರ್ತಿದೆ ಅನ್ನೋವಾಗ್ಲೇ ಅರ್ಧ ವಾಪಸ್.

ನೆಲಕ್ಕೆ ಬಂದು ಪಾರ್ಕ್ ಮಾಡಿದ್ಮೇಲೂ ಕೂಡಲೇ ಆಫ್ ಮಾಡೋ ಹಾಗಿಲ್ಲ, ಐಟಿಟಿ ಕನಿಷ್ಠಕ್ಕೆ ಬಂದು ಒಂದು ನಿಮಿಷ ಸ್ಥಿರವಾಗಿ ನಿಲ್ಬೇಕು, ಆಮೇಲೆ ಕಟ್-ಆಫ್. ಕಂಪ್ರೆಸರ್ ನಿಲ್ಲೋ ತನಕ ಹೆಡ್‌ಸೆಟ್ ತೆಗೆದು ಕಿವಿ ಕೊಡಿ, ಉಜ್ಜೋ ಸದ್ದು ಏನಾದ್ರೂ ಇದೆಯಾ ಅಂತ. ಮತ್ತೆ ನನ್ನ ಹತ್ರ ಕಲಿಯೋರೆಲ್ಲ ಒಂದು ಚಿಕ್ಕ ಪುಸ್ತಕ ಇಟ್ಕೊಂಡು ಪ್ರತಿ ಸ್ಟಾರ್ಟ್‌ನ ವೋಲ್ಟೇಜ್, ಫ್ಯೂಯೆಲ್ ಬಿಟ್ಟಾಗ ಎನ್‌ಜಿ, ಐಟಿಟಿ ಏರಿದ ಗರಿಷ್ಠ ಅಂಕಿ ಬರೀತಾರೆ. ಮೊನ್ನೆ ಅದೇ ಹುಡುಗ ಪುಸ್ತಕ ತಂದು ತೋರಿಸಿದ, "ಸರ್, ವಾತಾವರಣ ಒಂದೇ ಇದೆ, ಆದ್ರೆ ಹತ್ತು ಸ್ಟಾರ್ಟ್‌ನಲ್ಲಿ ಐಟಿಟಿ ಮೆಲ್ಲಗೆ 40 ಡಿಗ್ರಿ ಏರಿದೆ, ವೋಲ್ಟೇಜ್ ಏನೂ ಇಳಿದಿಲ್ಲ" ಅಂತ. ಬ್ಯಾಟರಿ ಅಲ್ಲ ಅಂದ್ರೆ ಫ್ಯೂಯೆಲ್ ನಾಝಲ್ ನೋಡಿಸ್ಬೇಕು, ವಿಮಾನನ ಅವತ್ತೇ ಹ್ಯಾಂಗರ್‌ಗೆ ತಳ್ಳಿದ್ವಿ.