ಸ್ಟಾಂಪು ಸಾಲದ ಲಗ್ನಪತ್ರಿಕೆ

ಮದುವೆ ಸೀಸನ್ ಶುರುವಾಯಿತೆಂದರೆ ಅಂಚೆ ಕಚೇರಿಯ ಸಾರ್ಟಿಂಗ್ ಮೇಜಿನ ಮೇಲೆ ದಪ್ಪ ಲಕೋಟೆಗಳು ಬಂದು ಬೀಳುತ್ತವೆ. ಒಳಗೆ ಮೂರು ಮಡಿಕೆಯ ರಟ್ಟಿನ ಪತ್ರಿಕೆ, ಅದರೊಳಗೆ ಆರತಕ್ಷತೆಗೆ ಬೇರೆಯದೇ ಕಾರ್ಡು, ಜೊತೆಗೆ ಸಣ್ಣ ಪೊಟ್ಟಣದಲ್ಲಿ ಮಂತ್ರಾಕ್ಷತೆ. ಮೇಲೆ ಮಾತ್ರ ಐದು ರೂಪಾಯಿಯ ಒಂದೇ ಸ್ಟಾಂಪು.

ಕೈಗೆತ್ತಿಕೊಂಡಾಗಲೇ ಭಾರ ಗೊತ್ತಾಗುತ್ತದೆ. ಆದರೂ ತೂಗಿಯೇ ನೋಡುತ್ತೇವೆ. ಸಾಧಾರಣ ಕಾಗದಕ್ಕೆ 20 ಗ್ರಾಂವರೆಗೆ 5 ರೂಪಾಯಿ, ಅಲ್ಲಿಂದಾಚೆ ಪ್ರತಿ 20 ಗ್ರಾಂಗೆ ಇನ್ನೂ 5. ಲಕೋಟೆ 43 ಗ್ರಾಂ ತೂಗಿತು ಅನ್ನಿ. ಕೊನೆಯ ಮೂರು ಗ್ರಾಂಗೂ ಪೂರ್ತಿ 5 ರೂಪಾಯಿ ಲೆಕ್ಕ, ಹಾಗಾಗಿ 15 ಅಂಟಿಸಬೇಕಿತ್ತು. ಕೊರತೆ 10. ವಸೂಲಿ ಅದರ ಎರಡರಷ್ಟು, ಅಂದರೆ 20 ರೂಪಾಯಿ. ಬಾಕಿ ಮುದ್ರೆ ಒತ್ತಿ, ಮೊತ್ತ ಬರೆದು ಮುಂದಕ್ಕೆ ಕಳಿಸುತ್ತೇವೆ. ನಮ್ಮ ಮಾತಿನಲ್ಲಿ ಅದು ‘ಬೇರಿಂಗ್’ ಕಾಗದ.

ಆ 20 ರೂಪಾಯಿ ಕೊಡಬೇಕಾದವರು ಕಳಿಸಿದವರಲ್ಲ, ಪಡೆಯುವವರು. ಮದುವೆಗೆ ಕರೆದವರ ಕೊರತೆಯನ್ನು ಕರೆಸಿಕೊಂಡವರು ದಂಡದ ಸಮೇತ ತುಂಬಬೇಕು. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ದುಡ್ಡು ಕೇಳಿದಾಗ ಎಷ್ಟೋ ಜನ ಅವನನ್ನೇ ಅನುಮಾನಿಸುತ್ತಾರೆ. ಬಟವಾಡೆಗೆ ಹೊರಡುವ ಮುನ್ನವೇ ಆ ಮೊತ್ತ ಅವನ ಲೆಕ್ಕಕ್ಕೆ ಬಿದ್ದಿರುತ್ತದೆ. ಸಂಜೆ ಕಚೇರಿಗೆ ಮರಳಿದಾಗ ಅವನು ದುಡ್ಡನ್ನಾದರೂ ಒಪ್ಪಿಸಬೇಕು, ಕಾಗದವನ್ನಾದರೂ ಒಪ್ಪಿಸಬೇಕು. ಹಿಂದೆ ಬೇಕೆಂದೇ ಬೇರಿಂಗ್ ಹಾಕುತ್ತಿದ್ದವರೂ ಇದ್ದರು. ದುಡ್ಡು ವಸೂಲಾಗಬೇಕಾದ ಕಾಗದ ದಾರಿಯಲ್ಲಿ ಕಳೆದುಹೋಗದು ಎಂಬುದು ಅವರ ನಂಬಿಕೆ.

ಬೇಡವೆನ್ನುವ ಹಕ್ಕು ಪಡೆಯುವವರಿಗಿದೆ. ಆದರೆ ಒಡೆಯದೆ, ಆಗಲೇ ವಾಪಸು ಕೊಡಬೇಕು. ಒಡೆದು ಓದಿದ ಮೇಲೆ ಬೇಡವೆಂದರೆ ನಡೆಯುವುದಿಲ್ಲ. 1898ರ ಅಂಚೆ ಕಾಯ್ದೆ ಇದನ್ನು ಸ್ಪಷ್ಟವಾಗಿಯೇ ಹೇಳಿತ್ತು. ಯಾರಾದರೂ ಹಗೆ ಸಾಧಿಸಲು, ಕಾಟ ಕೊಡಲೆಂದೇ ಹೀಗೆ ಕಳಿಸಿದ್ದಾರೆ ಎಂದು ಮನವರಿಕೆಯಾದರೆ ಬಾಕಿಯನ್ನು ಮನ್ನಾ ಮಾಡುವ ಅಧಿಕಾರವನ್ನು ಪೋಸ್ಟ್‌ಮಾಸ್ಟರ್ ಜನರಲ್ ಅವರಿಗೆ ಕೊಟ್ಟಿತ್ತು. ಕೊಡಬೇಕಾದ ಬಾಕಿ ಕೊಡದವರಿಗೆ ಬರುವ ಬೇರೆ ಟಪಾಲನ್ನೂ ತಡೆದಿಡಬಹುದಿತ್ತು. ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಅಂಚೆ ಕಾಯ್ದೆ ಬಂದು, 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಂಚೆ ಶುಲ್ಕ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಇಪ್ಪತ್ತು ರೂಪಾಯಿಗೆ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ, ಆದರೂ ಅದು ಸರ್ಕಾರಕ್ಕೆ ಸಲ್ಲಬೇಕಾದ ಹಣವೇ.

ವಿಳಾಸದಾರರು ನಿರಾಕರಿಸಿದ ಕಾಗದ ಕಳಿಸಿದವರಿಗೇ ಮರಳುತ್ತದೆ, ಬಾಕಿ ಅವರ ತಲೆಗೆ. ನನಗೆ ನಿಜಕ್ಕೂ ಬೇಸರವಾಗುವುದು ‘ಇಂದ’ ವಿಳಾಸವೇ ಇಲ್ಲದ ಲಕೋಟೆಗಳನ್ನು ಕಂಡಾಗ. ಅವು ಮರಳಿ ಹೋಗುವ ಮನೆಯಿಲ್ಲದೆ ರಿಟರ್ನ್ಡ್ ಲೆಟರ್ ಆಫೀಸ್ ಸೇರುತ್ತವೆ. ವಿಳಾಸದ ಸುಳಿವಿಗಾಗಿ ಅಲ್ಲಿನ ಸಿಬ್ಬಂದಿ ಅವನ್ನು ಒಡೆದು ನೋಡುವಷ್ಟರಲ್ಲಿ ಮುಹೂರ್ತ ಕಳೆದು ಎಷ್ಟು ದಿನವಾಗಿರುತ್ತದೋ! ಎಡಗಡೆಯ ಮೂಲೆಯಲ್ಲಿ ನಾಲ್ಕು ಸಾಲು ಬರೆಯಲು ದಯವಿಟ್ಟು ಬೇಸರಪಡಬೇಡಿ.

ಇನ್‌ಲ್ಯಾಂಡ್ ಪತ್ರದೊಳಗೆ ಫೋಟೊ, ಕುಂಕುಮದ ಪೊಟ್ಟಣ ಇಡುವವರು ಈಗಲೂ ಇದ್ದಾರೆ. ಒಳಗೆ ಏನನ್ನೂ ಇಡಬಾರದೆಂದು ಅದರ ಮೇಲೆಯೇ ಅಚ್ಚಾಗಿದೆ. ಅಚ್ಚಾದ ಕಾಗದಗಳನ್ನು ಬಾಯಿ ಮುಚ್ಚದೆ ಕಡಿಮೆ ದರಕ್ಕೆ ಕಳಿಸುವ ಬುಕ್‌ಪೋಸ್ಟ್ ಹಿಂದೆ ಇತ್ತು; ಹಾಗೆ ಬರೆದು ಬಾಯಿಗೆ ಗೋಂದು ಹಚ್ಚಿದರೆ ಆ ದರ ತಪ್ಪಿಹೋಗುತ್ತಿತ್ತು. ಸ್ಪೀಡ್ ಪೋಸ್ಟ್‌ನಲ್ಲಿ ಈ ತಾಪತ್ರಯವಿಲ್ಲ, ಕೌಂಟರಿನಲ್ಲಿ ತೂಗಿ, ಪೂರ್ತಿ ಹಣ ಪಡೆದೇ ರಸೀದಿ ಕೊಡುತ್ತಾರೆ.

ಪತ್ರಿಕೆಗಳಿಗೆ ಸ್ಟಾಂಪು ಅಂಟಿಸುವ ಮೊದಲು ಒಂದನ್ನು ಹತ್ತಿರದ ಅಂಚೆ ಕಚೇರಿಗೆ ತನ್ನಿ, ತೂಗಿಕೊಡುತ್ತೇವೆ. ಒಂದೇ ಸಾಕು, ಉಳಿದವೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತವೆ. ಆದರೆ ಅಕ್ಷತೆ ಹಾಕಿದ ಮೇಲೆ ತನ್ನಿ, ಮೊದಲೇ ಬೇಡ.