ಲೋಳೆಯನ್ನು ಹಿಡಿದಿಡುವ ನಾರು

ಆಲ್ಝೈಮರ್ಸ್ ರೋಗಿಗಳ ಮಿದುಳಿನಲ್ಲಿ ಕಾಣುವ ಅಮೈಲಾಯ್ಡ್ ನಾರುಗಳೆಂದರೆ ಪ್ರೋಟೀನ್ ಮಡಚಿಕೊಳ್ಳುವಾಗ ಆದ ಎಡವಟ್ಟು ಎಂದೇ ಬಹುಕಾಲ ಪಾಠ ನಡೆದಿತ್ತು. 2002ರಲ್ಲಿ ವಿಜ್ಞಾನಿಗಳಾದ ಮ್ಯಾಥ್ಯೂ ಚಾಪ್ಮನ್, ಸ್ಕಾಟ್ ಹಲ್ಟ್‌ಗ್ರೆನ್ ಮತ್ತು ಸಂಗಡಿಗರು ಬೇರೆಯದನ್ನೇ ತೋರಿಸಿದರು. ನಮ್ಮ ಕರುಳಿನಲ್ಲೂ ಇರುವ ಇ. ಕೊಲೈ ಬ್ಯಾಕ್ಟೀರಿಯಾ ಅಂಥದೇ ರಚನೆಯ ನಾರನ್ನು ಬೇಕೆಂದೇ ಹೆಣೆಯುತ್ತದೆ! ಅದರ ಹೆಸರು ಕರ್ಲಿ.

ಹೆಣೆಯುವ ಬಗೆಯಂತೂ ಅದ್ಭುತ. ಸಿಎಸ್‌ಜಿಎ ಎಂಬ ಪ್ರೋಟೀನ್ ಜೀವಕೋಶದೊಳಗೆ ತಯಾರಾಗುತ್ತದೆ. ಅದು ಒಳಗೇ ನಾರಾಗಿಬಿಟ್ಟರೆ ಕೋಶಕ್ಕೇ ಕುತ್ತು. ಹಾಗಾಗದಂತೆ ಸಿಎಸ್‌ಜಿಸಿ ಎಂಬ ಇನ್ನೊಂದು ಪ್ರೋಟೀನ್ ಕಾಯುತ್ತದೆ. ಕೋಶದ ಹೊರಪೊರೆಯಲ್ಲಿ ಸಿಎಸ್‌ಜಿಜಿ ಎಂಬ ಪ್ರೋಟೀನಿನ ಒಂಬತ್ತು ಪ್ರತಿಗಳು ಉಂಗುರವಾಗಿ ಕೂಡಿ ಒಂದು ರಂಧ್ರವಾಗಿರುತ್ತವೆ; ಸಿಎಸ್‌ಜಿಎ ಇನ್ನೂ ಮಡಚದ ಎಳೆಯಾಗಿಯೇ ಅದರ ಮೂಲಕ ಹೊರಬರುತ್ತದೆ. (ಇದೇ ರಂಧ್ರವನ್ನು ತಿದ್ದಿ ಡಿಎನ್‌ಎ ಓದುವ ಯಂತ್ರಗಳಲ್ಲಿ ಬಳಸಿದ್ದಾರೆ.) ಹೊರಗೆ ಸಿಎಸ್‌ಜಿಬಿ ಎಂಬ ಮತ್ತೊಂದು ಪ್ರೋಟೀನ್ ಕಾದಿರುತ್ತದೆ. ಅದರ ಮೇಲೆ ಮೊದಲ ಎಳೆ ಮಡಚಿ ಕೂರುತ್ತದೆ, ಅದರ ಮೇಲೆ ಇನ್ನೊಂದು. ಪದರ ಪದರಗಳ ನಡುವೆ ಹೈಡ್ರೋಜನ್ ಬಂಧ; ಅಂತರ ಒಂದು ನ್ಯಾನೋಮೀಟರಿನ ಅರ್ಧಕ್ಕಿಂತ ತುಸು ಕಡಿಮೆ. ಪ್ರೋಟೀನ್ ಕತ್ತರಿಸುವ ಕಿಣ್ವಗಳಿಗೆ ಈ ನಾರು ಸುಲಭಕ್ಕೆ ಬಗ್ಗದು. ಪ್ರಯೋಗಾಲಯದಲ್ಲಿ ಇದನ್ನು ಬಿಡಿಸಲು ಗಾಢ ಫಾರ್ಮಿಕ್ ಆಮ್ಲವೇ ಬೇಕು.

ಕಾಂಗೋ ರೆಡ್ ಎಂಬ ಬಣ್ಣವನ್ನು 1880ರ ದಶಕದಲ್ಲಿ ಜರ್ಮನಿಯ ಪಾಲ್ ಬಾಟಿಗರ್ ತಯಾರಿಸಿದ್ದು ಹತ್ತಿಬಟ್ಟೆಗೆ ಹಾಕಲೆಂದು. ಆಮೇಲೆ ಅದು ರೋಗಶಾಸ್ತ್ರಜ್ಞರ ಕೈಗೆ ಬಂತು, ಅಮೈಲಾಯ್ಡ್ ಗುರುತಿಸಲು. ಕರ್ಲಿ ಹೆಣೆಯುವ ಬ್ಯಾಕ್ಟೀರಿಯಾಗಳನ್ನು ಈ ಬಣ್ಣ ಬೆರೆಸಿದ ತಟ್ಟೆಯಲ್ಲಿ ಬೆಳೆಸಿದರೆ ಅವೂ ಕೆಂಪಗಾಗುತ್ತವೆ.

ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಕಟ್ಟಿಕೊಳ್ಳುವ ಬಯೋಫಿಲ್ಮ್ ಎಂದರೆ ಇಂಥ ನಾರು, ಸೆಲ್ಯುಲೋಸ್‌ನಂಥ ಸಕ್ಕರೆಯ ಸರಪಳಿ, ಡಿಎನ್‌ಎ ಎಲ್ಲ ಸೇರಿದ ಲೋಳೆ. ಮಂಡ್ಯದ ಹಳ್ಳಿಗಳಲ್ಲಿ ಗೋಡೆ ಬಿರಿಯದಿರಲೆಂದು ಮಣ್ಣಿಗೆ ಭತ್ತದ ಹುಲ್ಲು ಕಲಸುತ್ತಿದ್ದರಲ್ಲ, ಲೋಳೆಯಲ್ಲಿ ನಾರಿನ ಕೆಲಸವೂ ಅದೇ. ಎಲ್ಲ ಬ್ಯಾಕ್ಟೀರಿಯಾಗಳೂ ಕರ್ಲಿ ಮಾಡುವುದಿಲ್ಲ. ಸ್ಯೂಡೋಮೊನಾಸ್‌ಗೆ ಫ್ಯಾಪ್ ಎಂಬ ನಾರಿದೆ, ಬ್ಯಾಸಿಲಸ್ ಸಬ್ಟಿಲಿಸ್‌ಗೆ ಟ್ಯಾಸ್‌ಎ.

ಇ. ಕೊಲೈನ ಹಲವು ತಳಿಗಳು ಕರ್ಲಿ ಹೆಣೆಯುವುದು 30 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ, ಆಹಾರ ಕಡಿಮೆಯಾದಾಗ. ಮೈಸೂರಿನ ಮನೆಗಳ ಸಂಪಿನ ನೀರು ವರ್ಷದ ಬಹುಪಾಲು ಅಷ್ಟೇ ತಂಪಾಗಿರುತ್ತದೆ. ಹೀಗಿದ್ದೂ ಬ್ಲೀಚಿಂಗ್ ಪೌಡರ್ ಸುರಿದರೆ ಸಾಕು, ಸಂಪು ಶುದ್ಧ ಎಂದು ಓದಿದವರೂ ನಂಬಿ ಕೂರುತ್ತಾರೆ. ನನಗೆ ನಿಜಕ್ಕೂ ಆತಂಕವಾಗುವುದು ಇಲ್ಲಿ. ಕ್ಲೋರಿನ್ ನೀರಿನಲ್ಲಿ ತೇಲುವವನ್ನು ಕೊಲ್ಲುತ್ತದೆ; ಗೋಡೆಗಂಟಿದ ಲೋಳೆಯ ಮೇಲ್ಪದರದಲ್ಲೇ ಬಹುಪಾಲು ಖರ್ಚಾಗಿಹೋಗುತ್ತದೆ. ಒಳಗೆ ಉಳಿದವು ಮತ್ತೆ ಬೆಳೆಯುತ್ತವೆ. ಡೇರಿಗೆ ಹಾಲು ಹಾಕುವ ಕ್ಯಾನಿನ ಕತ್ತಿನ ಒಳಸುತ್ತಿನಲ್ಲೂ ಇದೇ ಕಥೆ. ಮೊದಲು ಬ್ರಷ್ ಹಾಕಿ ಗಸಗಸ ಉಜ್ಜಬೇಕು, ಔಷಧಿ ಆಮೇಲೆ.