ಹಿತ್ತಲ ಕೋಳಿಗಳ ಕುಕ್ಕಾಟ: ಎಲ್ಲಿಯವರೆಗೆ ಸಹಜ, ಎಲ್ಲಿಂದ ಅಪಾಯ

ಧಾರವಾಡದ ನಮ್ಮ ಹಿತ್ತಲಲ್ಲಿ ಆರು ಜವಾರಿ ಕೋಳಿಗಳಿದ್ದ ಗೂಡಿಗೆ ಏಪ್ರಿಲ್ ತಿಂಗಳಲ್ಲಿ ಗಿರಿರಾಜ ತಳಿಯ ಎರಡು ಹ್ಯಾಟೆಗಳನ್ನು (ಎಳೆಯ ಹೆಣ್ಣು ಕೋಳಿಗಳನ್ನು) ಹಗಲಿನಲ್ಲೇ ತಂದು ಬಿಟ್ಟೆವು. ಮೂರನೆಯ ದಿನ ಅವುಗಳಲ್ಲೊಂದರ ಬಾಲದ ಬುಡದಲ್ಲಿ ಶೇಂಗಾ ಬೀಜದಷ್ಟು ಜಾಗ ಬೋಳಾಗಿ, ಆಗಷ್ಟೇ ಮೊಳೆಯುತ್ತಿದ್ದ ಗರಿಯೊಂದರ ಬುಡದಿಂದ ರಕ್ತ ಜಿನುಗುತ್ತಿತ್ತು. ಕೋಳಿ ಸಾಕಣೆಯನ್ನು ಹೊಸದಾಗಿ ಕಲಿಯುತ್ತಿರುವವರಿಗೆ ನೆರವಾಗಲೆಂದು ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ.

ಕೋಳಿಗಳಲ್ಲಿ ಮೇಲು-ಕೆಳಗಿನ ಕ್ರಮವಿರುತ್ತದೆ ಎಂಬುದನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡರುಪ್-ಎಬ್ಬೆ ಅವರು 1920ರ ದಶಕದ ಆರಂಭದಲ್ಲಿ ವಿವರಿಸಿದರು. ಯಾವ ಕೋಳಿ ಮೊದಲು ಕಾಳು ತಿನ್ನಬೇಕು, ಯಾವುದು ಅಡ್ಡಗೋಲಿನ ಮೇಲೆ ಒಳ್ಳೆಯ ಜಾಗ ಹಿಡಿಯಬೇಕು ಎಂಬುದು ಈ ಕ್ರಮದಿಂದಲೇ ತೀರ್ಮಾನವಾಗುತ್ತದೆ. ಹೊಸ ಕೋಳಿ ಬಂದಾಗ ಕ್ರಮವನ್ನು ಮತ್ತೆ ಕಟ್ಟಬೇಕಾಗುವುದರಿಂದ ಕೆಲವು ದಿನ ತಲೆಯ ಮೇಲೆ ಒಂದೆರಡು ಕುಕ್ಕು, ಅಟ್ಟಾಟ ನಡೆಯುವುದು ಸಹಜ. ಆದರೆ ಗರಿ ಕಿತ್ತು ತಿನ್ನುವುದು, ಮೊಟ್ಟೆಯಿಡುವ ದ್ವಾರವನ್ನು ಕುಕ್ಕುವುದು ಹಾಗೂ ಒಂದೇ ಕೋಳಿಯನ್ನು ಮೇವಿನ ಹತ್ತಿರ ಬಾರದಂತೆ ತಡೆಯುವುದು ಬೇರೆಯೇ ಮಾತು. ಕೆಂಪು ಬಣ್ಣ ಕೋಳಿಗಳನ್ನು ಸೆಳೆಯುವುದರಿಂದ, ರಕ್ತ ಕಂಡ ಮೇಲೆ ಉಳಿದವೂ ಸೇರಿಕೊಂಡು ಸಂಜೆಯೊಳಗೆ ಹಕ್ಕಿಯನ್ನು ಕೊಂದೇಬಿಡಬಹುದು. ಆದ್ದರಿಂದ ಗಾಯಗೊಂಡ ಕೋಳಿಯನ್ನು ಆ ಕ್ಷಣವೇ ಬೇರೆ ಮಾಡಿ, ಗಾಯ ತೊಳೆದು, ಅರಿಸಿನ ಹಚ್ಚಿ, ಉಳಿದವುಗಳಿಗೆ ಕಾಣುವಂತೆ ಜಾಲರಿಯ ಆಚೆ ಇಡಬೇಕು. ಪೂರ್ತಿ ಮರೆಮಾಡಿದರೆ ಅದು ಮರಳುವಾಗ ಮತ್ತೆ ಪರಕೀಯವಾಗುತ್ತದೆ.

ಕುಕ್ಕಾಟ ತಡೆಯಲು ಖಾರದ ಪುಡಿ ಬಳಿಯುವವರು ಇದ್ದಾರೆ. ಬ್ಯಾಡಗಿ ಮೆಣಸಿನಕಾಯಿಯ ನಾಡಿನಲ್ಲಿ ಈ ಯೋಚನೆ ಬರುವುದು ಸಹಜವೇ. ಆದರೆ ನಮಗೆ ಖಾರವೆನಿಸುವ ಅಂಶ ಹಕ್ಕಿಗಳ ನಾಲಿಗೆಗೆ ಉರಿಯೆನಿಸುವುದಿಲ್ಲ. ಮೇಲಾಗಿ ಕೆಂಪು ಪುಡಿಯಿಂದ ಗಾಯ ಇನ್ನಷ್ಟು ಎದ್ದು ಕಾಣುತ್ತದೆ.

ಕುಕ್ಕುವ ಕೋಳಿಯನ್ನು ದೂರುವ ಮೊದಲು ಗೂಡನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗೂಡಿನೊಳಗೆ ಒಂದು ಕೋಳಿಗೆ ಸುಮಾರು 4 ಚದರ ಅಡಿ ಜಾಗ ಬೇಕು. ಹುಬ್ಬಳ್ಳಿ, ಗದಗದ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಕೂಡಿಹಾಕಿದ ಕೋಳಿಗಳು ಸೆಕೆಯಿಂದಲೇ ರೇಗಿರುತ್ತವೆ. ಮೇವಿನ ಹಾಗೂ ನೀರಿನ ಪಾತ್ರೆಗಳನ್ನು ಒಂದರಿಂದ ಇನ್ನೊಂದು ಕಾಣದಂತೆ ಎರಡು ಕಡೆ ಇಟ್ಟರೆ, ದಬಾಯಿಸುವ ಕೋಳಿ ಎರಡನ್ನೂ ಕಾಯಲಾರದು.

ಆಹಾರದ ವಿಷಯವನ್ನು ತುಸು ವಿವರವಾಗಿಯೇ ಹೇಳಬೇಕು. ಗರಿ ಬಹುಪಾಲು ಪ್ರೋಟೀನಿನಿಂದಾದದ್ದು. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಸುಮಾರು ಶೇ. 16ರಷ್ಟು ಪ್ರೋಟೀನ್ ಇರಬೇಕು. ಗೋವಿನಜೋಳದಲ್ಲಿ ಇರುವುದು ಶೇ. 9ರ ಆಸುಪಾಸು. ನುಚ್ಚು, ಗೋವಿನಜೋಳ ಮಾತ್ರ ತಿಂದ ಕೋಳಿ ಕೊರತೆ ನೀಗಿಸಿಕೊಳ್ಳಲು ನೆರೆಯ ಕೋಳಿಯ ಗರಿಗೆ ಬಾಯಿ ಹಾಕಬಹುದು. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಹೇರಳವಾಗಿದ್ದರೂ ಗರಿಗೆ ಬೇಕಾದ ಮೆಥಿಯೋನಿನ್ ಎಂಬ ಪ್ರೋಟೀನಿನ ಘಟಕ ಕಡಿಮೆ. ಹೀಗಾಗಿ ಹಿಂಡಿಯೊಂದನ್ನೇ ನೆಚ್ಚದೆ ಒಣಮೀನಿನ ಪುಡಿಯನ್ನೋ ಮೊಟ್ಟೆಕೋಳಿಯ ಸಿದ್ಧ ಮೇವನ್ನೋ ಸೇರಿಸಬೇಕು. ಬೂಷ್ಟು ಹಿಡಿದ ಹಿಂಡಿಯನ್ನಂತೂ ಕೊಡಲೇಬಾರದು.

ಮಣ್ಣಿನಲ್ಲಿ ಹೊರಳಾಡಲು ಜಾಗವಿಲ್ಲದ ಕೋಳಿಗಳೂ ಗರಿ ಕೀಳುತ್ತವೆ. ನಮ್ಮ ಎರೆಮಣ್ಣು ಮಳೆಗೆ ಅಂಟಾಗುವುದರಿಂದ ಮಾಡಿನ ಕೆಳಗೆ ಮರಳು, ಜರಡಿ ಹಿಡಿದ ಬೂದಿ ಬೆರೆಸಿ ಇಟ್ಟಿದ್ದೇವೆ. ರಾಜಗಿರಿ ಸೊಪ್ಪಿನ ಕಟ್ಟನ್ನು ಕೋಳಿಯ ತಲೆಗಿಂತ ತುಸು ಎತ್ತರಕ್ಕೆ ತೂಗಿಬಿಟ್ಟರೆ ಕುಕ್ಕಲು ಬೇರೆ ಕೆಲಸ ಸಿಗುತ್ತದೆ. ರಾತ್ರಿ ಬ್ಯಾಟರಿ ಹಿಡಿದು ಅಡ್ಡಗೋಲಿನ ಸಂದುಗಳಲ್ಲಿ ರಕ್ತ ಹೀರುವ ಉಣ್ಣೆಹುಳಗಳಿವೆಯೇ ಎಂದೂ ನೋಡಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದು ಕಪ್ಪು ಕೋಳಿ ಬಿಡಲಿಲ್ಲ. ಅದನ್ನು ನಾಲ್ಕು ದಿನ ಬೇರೆ ಗೂಡಿನಲ್ಲಿಟ್ಟೆವು. ಅದಿಲ್ಲದ ವೇಳೆಯಲ್ಲಿ ಉಳಿದವು ತಮ್ಮ ಕ್ರಮವನ್ನು ಹೊಸದಾಗಿ ಕಟ್ಟಿಕೊಂಡವು. ಗಾಯ ಒಣಗಿದ ಹ್ಯಾಟೆಯನ್ನು ಮೊದಲು ಒಳಗೆ ಬಿಟ್ಟು, ಎರಡು ದಿನದ ನಂತರ ಕತ್ತಲಾದ ಮೇಲೆ ಕಪ್ಪು ಕೋಳಿಯನ್ನು ಅಡ್ಡಗೋಲಿನ ತುದಿಯಲ್ಲಿ ಕೂರಿಸಿದೆವು. ಮರುದಿನ ಮುಂಜಾನೆ ಅದು ಮೇವಿನ ಪಾತ್ರೆಯ ಹತ್ತಿರ ಬಂದು, ಮುಂದಿದ್ದ ಎರಡು ಕೋಳಿಗಳು ಸರಿಯುವವರೆಗೆ ಕಾದು ನಿಂತಿತು.